ಊದಲೊಲ್ಲೆನೆಂದರೆ

ರಾತ್ರಿಯ ಹೊತ್ತು ನೆಲಮಂಗಲ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಹಾದಿಯಲ್ಲಿ ವಾಹನ ನಡೆಸುವವರಿಗೆ, ಕೈದೀಪ ಬೀಸಿ ನಿಲ್ಲಿಸುವ ಪೋಲೀಸಿನವರು ಅಪರಿಚಿತರೇನಲ್ಲ. ಕೈಯಲ್ಲೊಂದು ಪುಟ್ಟ ಯಂತ್ರ, ಬಾಯಲ್ಲಿ ಒಂದೇ ಮಾತು: "ಊದಿ." ಊದಿದರೆ ಏನಾಗುತ್ತದೆಂಬುದನ್ನು ಬಹುಮಂದಿ ಬಲ್ಲರು. ಊದಲೊಲ್ಲೆನೆಂದರೆ? ವಕೀಲನಾದ ನನ್ನನ್ನು ಈ ಪ್ರಶ್ನೆ ಕೇಳುವವರು ಉತ್ತರವನ್ನೂ ತಾವೇ ತಂದಿರುತ್ತಾರೆ: ಬಾಯಿ ತೆರೆಯದವನ ಮೇಲೆ ಸಾಕ್ಷ್ಯವೆಲ್ಲಿಯದು? ಈ ಜಾಣತನವನ್ನು ಕಾನೂನು ಮೊದಲೇ ಊಹಿಸಿಕೊಂಡಿದೆ.

1988ರ ಮೋಟಾರು ವಾಹನಗಳ ಅಧಿನಿಯಮದ 185ನೆಯ ಕಲಮಿನಂತೆ, ಚಾಲಕನ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರ ಕಂಡುಬಂದರೆ ಅಪರಾಧ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಮೊದಲ ಸಲದ ತಪ್ಪಿಗೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಿತು. ಇಂಗ್ಲೆಂಡಿನಲ್ಲಿ 1967ರ ಶಾಸನವು ತಕ್ಕ ಕಾರಣವಿಲ್ಲದೆ ಊದಲು ನಿರಾಕರಿಸುವುದನ್ನೇ ಅಪರಾಧವನ್ನಾಗಿ ಮಾಡಿತು. ನಮ್ಮ 185ನೆಯ ಕಲಮಿನಲ್ಲಿ ನಿರಾಕರಣೆಗೆಂದೇ ಬೇರೆ ಶಿಕ್ಷೆಯಿಲ್ಲ. ನಮ್ಮ ಶಾಸನಕರ್ತರು ಹಿಡಿದ ದಾರಿ ಬೇರೆ.

ಸಂಶಯಕ್ಕೆ ತಕ್ಕ ಕಾರಣವಿದ್ದಲ್ಲಿ, ಸಮವಸ್ತ್ರದಲ್ಲಿರುವ ಪೋಲೀಸು ಅಧಿಕಾರಿ ಉಸಿರನ್ನು ಕೇಳಬಹುದು. ಕೊಡಲೊಪ್ಪದವನ ರಕ್ತದಲ್ಲಿ ಮದ್ಯವಿದೆಯೆಂಬ ಸಕಾರಣವಾದ ಸಂಶಯವಿದ್ದರೆ, 203ನೆಯ ಕಲಮಿನ ಪ್ರಕಾರ ವಾರಂಟಿಲ್ಲದೆಯೇ ಅವನನ್ನು ದಸ್ತಗಿರಿ ಮಾಡಬಹುದು. ಆಸ್ಪತ್ರೆಯಲ್ಲಿ ಒಳರೋಗಿಯಾಗಿರುವವನಿಗೆ ಮಾತ್ರ ವಿನಾಯಿತಿ. ಠಾಣೆಯಲ್ಲಿ ಊದುವುದಕ್ಕೆ ಇನ್ನೊಂದು ಅವಕಾಶ ಕೊಡಬೇಕು. ಅಲ್ಲಿಯೂ ಒಲ್ಲೆನೆಂದರೆ 204ನೆಯ ಕಲಮು ವೈದ್ಯರ ಮೂಲಕ ರಕ್ತವನ್ನೇ ಕೇಳುತ್ತದೆ. ಉಸಿರನ್ನು ಉಳಿಸಿಕೊಳ್ಳಹೊರಟವನು ಸೂಜಿಯ ಮುಂದೆ ನಿಂತಂತಾಯಿತು!

ರಕ್ತವನ್ನೂ ಕೊಡೆನೆಂದರೆ ಮಾತನಾಡುವುದು 205ನೆಯ ಕಲಮು. ಅದು ಚಿಕ್ಕದು, ಆದರೆ ಬಲು ಹರಿತ. ನಿರಾಕರಣೆಗೆ ಸಮಂಜಸವಾದ ಕಾರಣ ತೋರಿಸದಿದ್ದರೆ, ಆ ನಿರಾಕರಣೆಯೇ ಸರ್ಕಾರದ ಪಕ್ಷದ ಸಾಕ್ಷ್ಯಕ್ಕೆ ಬೆಂಬಲವೆಂದು ನ್ಯಾಯಾಲಯ ಭಾವಿಸಬಹುದು. "ಭಾವಿಸಬಹುದು" ಎಂದಿದೆಯೇ ಹೊರತು "ಭಾವಿಸತಕ್ಕದ್ದು" ಎಂದಿಲ್ಲ. ಬೆಂಬಲಿಸುವುದಕ್ಕೆ ಬೇರೆ ಸಾಕ್ಷ್ಯವೂ ಇರಬೇಕು. ಬಾಯಿಯ ವಾಸನೆ, ತೂರಾಡುವ ನಡಿಗೆ ಇವಷ್ಟರಿಂದಲೇ ಅಮಲೇರಿತ್ತೆಂದು ತೀರ್ಮಾನಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 1971ರಲ್ಲಿಯೇ, ಮುಂಬಯಿಯ ಒಂದು ಮೊಕದ್ದಮೆಯಲ್ಲಿ ಹೇಳಿತ್ತು. ಉಬ್ಬಸದವನಿಗೆ ಯಂತ್ರದೊಳಕ್ಕೆ ಊದುವಷ್ಟು ಉಸಿರೇ ಇಲ್ಲದಿರಬಹುದು. ಅಂಥವನು ಆ ಮಾತನ್ನು ಅಲ್ಲಿಯೇ ಹೇಳಿ, ರಕ್ತಪರೀಕ್ಷೆಗೆ ಒಪ್ಪುವುದು ಮೇಲೆಂದು ನನ್ನ ಅಭಿಪ್ರಾಯ.

ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಬಲಾತ್ಕರಿಸಕೂಡದೆಂದು ಸಂವಿಧಾನದ 20ನೆಯ ಅನುಚ್ಛೇದ ಹೇಳುವುದಿಲ್ಲವೇ ಎಂದು ಓದಿದವರು ಕೇಳುತ್ತಾರೆ. ಹೇಳುತ್ತದೆ. ಆದರೆ ಆ ರಕ್ಷಣೆ ಮನಸ್ಸಿನೊಳಗಿನ ಅರಿವಿಗೆ, ಮೈಯ ಗುರುತುಗಳಿಗಲ್ಲ. ಬೆರಳಚ್ಚು ಕೊಡುವುದು ಸಾಕ್ಷಿ ನುಡಿದಂತಲ್ಲವೆಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ 1961ರಲ್ಲಿ ತೀರ್ಪಿತ್ತಿತು. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಮೊಕದ್ದಮೆಯಲ್ಲಿ, 2010ರಲ್ಲಿ, ಬಲವಂತದ ಮಂಪರು ಪರೀಕ್ಷೆಯನ್ನು ನಿಷೇಧಿಸಿದಾಗಲೂ ನ್ಯಾಯಾಲಯ ಈ ಭೇದವನ್ನು ಕೈಬಿಡಲಿಲ್ಲ.

ಹಾಗೆಂದು ಅಧಿಕಾರಕ್ಕೆ ಕಡಿವಾಣವಿಲ್ಲವೆಂದಲ್ಲ. ದಸ್ತಗಿರಿಯಾದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ನಡೆಯದಿದ್ದರೆ ಆರೋಪಿಯನ್ನು ಬಿಟ್ಟುಬಿಡಬೇಕೆನ್ನುತ್ತದೆ 202ನೆಯ ಕಲಮು. ನಡುರಾತ್ರಿಯಲ್ಲಿ ವೈದ್ಯರನ್ನು ಹುಡುಕಬೇಕಾದ ಕಡೆ ಈ ಎರಡು ಗಂಟೆ ಸಣ್ಣ ಅವಧಿಯೇನೂ ಅಲ್ಲ, ದೊಡ್ಡದೂ ಅಲ್ಲ. ಆದುದರಿಂದ ನಾನು ಕಡತವನ್ನು ಬಿಚ್ಚಿದೊಡನೆ ಮೊದಲು ನೋಡುವುದು ದಸ್ತಗಿರಿಯ ವೇಳೆಯನ್ನು. ಆಮೇಲೆ, ವೈದ್ಯರು ಸಹಿ ಹಾಕಿದ ವೇಳೆಯನ್ನು.