ಎರಡು ಆಯಿತಲ್ಲ, ಮೂರನೆಯದು ಏಕೆ?



ಕೋವಿಡ್ ಕಾಲದಲ್ಲಿ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಕೇಳಿಬಂದ ಪ್ರಶ್ನೆ ಯಾವುದೆಂದರೆ ಬಹುಶಃ ಇದೇ ಇರಬೇಕು. ಊರಿನಿಂದ ಫೋನ್ ಮಾಡಿದ ಅತ್ತೆಯವರು ಕೇಳಿದರು, ಇಲ್ಲಿಗೆ ಹೊಸದಾಗಿ ಬಂದ ಸಾಫ್ಟ್‌ವೇರ್ ಹುಡುಗರು ಕೇಳಿದರು, ಇಪ್ಪತ್ತು ವರ್ಷಗಳಿಂದ ಇಲ್ಲೇ ನೆಲೆಸಿರುವ ನಾವೂ ಕೇಳಿಕೊಂಡೆವು. ಕೇಳಿದವರು ಯಾರೂ ಲಸಿಕೆಯ ವಿರೋಧಿಗಳಲ್ಲ. ಎರಡು ಸಲ ಸಾಲಿನಲ್ಲಿ ನಿಂತು ತೋಳು ಚಾಚಿದವರೇ. ಆದ್ದರಿಂದಲೇ ಈ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದೆಂದು ನಮಗನಿಸಿತು.

ರಾಬರ್ಟ್ ಕಾಖ್ ಸಂಸ್ಥೆಯ 2023ರ ಏಪ್ರಿಲ್ ತಿಂಗಳ ಲೆಕ್ಕದಂತೆ ಜರ್ಮನಿಯ ಜನಸಂಖ್ಯೆಯಲ್ಲಿ ಒಂದಾದರೂ ಲಸಿಕೆ ಪಡೆದವರು ಸುಮಾರು ಶೇ. 78. ಮೂಲ ಲಸಿಕೆಯನ್ನು ಪೂರ್ಣಗೊಳಿಸಿದವರು ಸುಮಾರು ಶೇ. 76. ಮೂರನೆಯದಕ್ಕೆ, ಅಂದರೆ ಮೊದಲ ಬೂಸ್ಟರ್‌ಗೆ ಬಂದವರು ಶೇ. 63ರ ಆಸುಪಾಸು. ನಾಲ್ಕನೆಯದಕ್ಕೆ ಬಂದವರು ಶೇ. 15 ಮಾತ್ರ. ನಾಲ್ಕನೆಯದನ್ನು ಹಿರಿಯರಿಗೂ ಅಪಾಯವಿರುವವರಿಗೂ ಮಾತ್ರ ಹೇಳಿದ್ದರು, ಆದ್ದರಿಂದ ಆ ಇಳಿತವೆಲ್ಲ ಹಿಂಜರಿಕೆಯಲ್ಲ. ಆದರೂ ಎರಡರಿಂದ ಮೂರಕ್ಕೆ ಬರುವಷ್ಟರಲ್ಲಿ ಎಷ್ಟೋ ಲಕ್ಷ ಜನ ದಾರಿಯಲ್ಲೇ ನಿಂತರು. ಏಕೆ ನಿಂತರು?

ಬೂಸ್ಟರ್ ಎಂದರೇನು ಎಂಬುದನ್ನು ನಮ್ಮ ಹಿರಿಯರಿಗೆ ವಿವರಿಸಲು ನಮಗೆ ಸಹಾಯಕ್ಕೆ ಬಂದದ್ದು ಕಲಾಯಿ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದುದು ತಮಗೆಲ್ಲ ನೆನಪಿರಬಹುದು. ಬಳಸುತ್ತ ಬಳಸುತ್ತ ಕಲಾಯಿ ಸವೆಯುತ್ತದೆ, ಕಲಾಯಿಯವನು ಬೀದಿಗೆ ಬಂದಾಗ ಮತ್ತೆ ಹಾಕಿಸುತ್ತೇವೆ. "ಹೋದ ಸಲದ ಕಲಾಯಿ ಸುಳ್ಳು" ಎಂದು ಯಾವ ಅಜ್ಜಿಯೂ ಜಗಳವಾಡಿದ್ದಿಲ್ಲ. ಲಸಿಕೆ ಹಾಕಿದ ಮೇಲೆ ರಕ್ತದಲ್ಲಿ ಏರುವ ಪ್ರತಿಕಾಯಗಳು ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತವೆ. ರೋಗಾಣುವನ್ನು ಗುರುತಿಟ್ಟುಕೊಂಡ ನೆನಪಿನ ಕೋಶಗಳು ಹೆಚ್ಚು ಕಾಲ ಉಳಿಯುತ್ತವೆ. ಇನ್ನೊಂದು ಡೋಸ್ ಆ ನೆನಪನ್ನು ಎಬ್ಬಿಸುತ್ತದೆ, ಪ್ರತಿಕಾಯಗಳು ಮತ್ತೆ ಏರುತ್ತವೆ. ಜರ್ಮನರು ಇದಕ್ಕೆ ಬಳಸುವ 'ಆಉಫ್‌ಫ್ರಿಷುಂಗ್' ಎಂಬ ಪದದ ಅರ್ಥ ತಾಜಾ ಮಾಡುವುದು ಎಂದೇ. ಇಲ್ಲಿ ಧನುರ್ವಾಯುವಿನ ಲಸಿಕೆಯನ್ನು ಪ್ರತಿ ಹತ್ತು ವರ್ಷಕ್ಕೊಮ್ಮೆ ಹೀಗೆ ತಾಜಾ ಮಾಡಿಸಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ 1995ರಲ್ಲಿ ಆರಂಭವಾದ ಪಲ್ಸ್ ಪೋಲಿಯೋ ಅಭಿಯಾನದಲ್ಲಿ ಮಕ್ಕಳಿಗೆ ವರ್ಷ ವರ್ಷವೂ ಎರಡೆರಡು ಹನಿ ಹಾಕಿಸಿದೆವು. ಎಷ್ಟನೆಯ ಸಲ ಎಂದು ಎಣಿಸಲಿಲ್ಲ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋಮುಕ್ತವೆಂಬ ಪ್ರಮಾಣಪತ್ರವೂ ಬಂದಿತು. ಹಾಗಿದ್ದ ಮೇಲೆ ಕೋವಿಡ್ ವಿಷಯದಲ್ಲಿ ಮಾತ್ರ ಎಣಿಕೆ ಏಕೆ ಬಂತು?

ಒಂದು ಕಾರಣ, ನಮ್ಮ ಅಭಿಪ್ರಾಯದಲ್ಲಿ, 2021ರ ಶರತ್ಕಾಲದ ಗೊಂದಲ. ಆ ವರ್ಷದ ಆಗಸ್ಟ್ ಆರಂಭದಲ್ಲೇ ರಾಜ್ಯಗಳ ಆರೋಗ್ಯ ಸಚಿವರು ಸೆಪ್ಟೆಂಬರ್‌ನಿಂದ ವೃದ್ಧರಿಗೆ ಬೂಸ್ಟರ್ ಕೊಡೋಣವೆಂದರು. ಲಸಿಕೆಗಳ ಬಗ್ಗೆ ಸಲಹೆ ನೀಡುವ ತಜ್ಞರ ಆಯೋಗ 'ಸ್ಟಿಕೊ' ಅಕ್ಟೋಬರ್ 7ರಂದು ಎಪ್ಪತ್ತು ದಾಟಿದವರಿಗೂ ವೃದ್ಧಾಶ್ರಮದವರಿಗೂ ಸಲಹೆ ನೀಡಿತು. ಹದಿನೆಂಟು ದಾಟಿದ ಎಲ್ಲರಿಗೂ ಎಂದದ್ದು ನವೆಂಬರ್ 18ರಂದು. ಮೊದಲು ಆರು ತಿಂಗಳ ಅಂತರ ಎಂದರು, ಒಮಿಕ್ರಾನ್ ಬಂದ ಮೇಲೆ ಡಿಸೆಂಬರ್ 21ರಂದು ಮೂರು ತಿಂಗಳು ಎಂದರು. ಇದರ ನಡುವೆ ಸೆಪ್ಟೆಂಬರ್ ಕೊನೆಗೆ ಕೇಂದ್ರದ ಹಣ ನಿಂತು, ದೊಡ್ಡ ದೊಡ್ಡ ಲಸಿಕಾ ಕೇಂದ್ರಗಳು ಬಾಗಿಲು ಹಾಕಿದ್ದವು. ಅಂದರೆ ಸೂಜಿ ಬೇಕಾಗುವ ಹೊತ್ತಿಗೆ ಸರಿಯಾಗಿ ಸೂಜಿ ಹಾಕುವ ಜಾಗಗಳು ಇರಲಿಲ್ಲ! ತಜ್ಞರು ಹೊಸ ಮಾಹಿತಿ ಬಂದಂತೆ ಸಲಹೆ ಬದಲಿಸಿದ್ದು ತಪ್ಪಲ್ಲ, ಹಾಗೆ ಬದಲಿಸುವುದೇ ಅವರ ಕೆಲಸ. ಆದರೆ ಸಚಿವರು ಒಂದು, ಆಯೋಗ ಒಂದು, ಹೌಸ್‌ಆರ್ಟ್ಸ್ಟ್ ಮತ್ತೊಂದು ಹೇಳುವುದನ್ನು ಕೇಳಿದ ಸಾಮಾನ್ಯ ಮನುಷ್ಯ "ನೋಡೋಣ, ಕಾಯೋಣ" ಎನ್ನುತ್ತಾನೆ.

ನವೆಂಬರ್‌ನಲ್ಲಿ ಇನ್ನೊಂದು ತೊಡಕು ಸೇರಿತು. ಮೈನ್ಸ್ ನಗರದ ಬಯೋನ್‌ಟೆಕ್ ಲಸಿಕೆಯ ಪೂರೈಕೆಗೆ ಮಿತಿ ಹಾಕಿ, ದಾಸ್ತಾನಿದ್ದ ಮಾಡರ್ನಾ ಬಳಸಿರೆಂದು ವೈದ್ಯರಿಗೆ ತಿಳಿಸಲಾಯಿತು. ಅದಕ್ಕೆ ಕೆಲವೇ ದಿನ ಮೊದಲು ಸ್ಟಿಕೊ ಮೂವತ್ತರೊಳಗಿನವರಿಗೆ ಬಯೋನ್‌ಟೆಕ್ ಮಾತ್ರ ಕೊಡಬೇಕೆಂದಿತ್ತು. ಎಳೆಯ ಗಂಡುಮಕ್ಕಳಲ್ಲಿ ಅಪರೂಪಕ್ಕೆ ಕಾಣಿಸಿದ ಹೃದಯದ ಸ್ನಾಯುವಿನ ಉರಿಯೂತ ಅದಕ್ಕೆ ಕಾರಣ. ಎರಡು ಸುದ್ದಿಯನ್ನೂ ಒಟ್ಟಿಗೆ ಓದಿದವರಿಗೆ "ಹಳೆಯ ದಾಸ್ತಾನು ಖಾಲಿ ಮಾಡುತ್ತಿದ್ದಾರೆ" ಎನಿಸಿದ್ದರೆ ಆಶ್ಚರ್ಯವೇನು? ನಲವತ್ತು, ಐವತ್ತು ದಾಟಿದವರಿಗೆ ಮಾಡರ್ನಾ ಒಳ್ಳೆಯ ಬೂಸ್ಟರೇ ಆಗಿತ್ತು, ಅದನ್ನು ಅರ್ಧ ಪ್ರಮಾಣದಲ್ಲೇ ಕೊಡುತ್ತಿದ್ದರು. ಈ ಮಾತನ್ನು ನಿಧಾನವಾಗಿ ಕೂತು ಹೇಳುವವರು ಕಡಿಮೆಯಿದ್ದರು.

ಆದರೂ ಬಾಗಿಲು ತೆರೆದಾಗ ಜನ ಬಂದರು ಎಂಬುದನ್ನು ಮರೆಯಬಾರದು. ಕೊರೆಯುವ ಚಳಿಯಲ್ಲಿ ಬಸ್ಸುಗಳ ಮುಂದೆ, ಪುರಭವನಗಳ ಮುಂದೆ ಗಂಟೆಗಟ್ಟಲೆ ನಿಂತರು. 2021ರ ಡಿಸೆಂಬರ್ 15ರಂದು ಒಂದೇ ದಿನ ಸುಮಾರು 15 ಲಕ್ಷ ಡೋಸ್ ನೀಡಲಾಯಿತು. ನವೆಂಬರ್ ಮಧ್ಯದಿಂದ ವರ್ಷಾಂತ್ಯದೊಳಗೆ ಮೂರು ಕೋಟಿ ಡೋಸ್ ಎಂಬ ಸರ್ಕಾರದ ಗುರಿಯೂ ಈಡೇರಿತು. ಡೆಲ್ಟಾದ ಭಯ, ಕ್ರಿಸ್ಮಸ್‌ಗೆ ತಂದೆತಾಯಿಯರನ್ನು ನೋಡುವ ಆಸೆ, ಎರಡೂ ಇದ್ದವು. ಜನವರಿ 2022ರಲ್ಲಿ ಹೋಟೆಲಿಗೆ ಹೋಗಲು ಬೂಸ್ಟರ್ ಆದವರಿಗೆ ಪರೀಕ್ಷೆ ಬೇಡ, ಉಳಿದವರಿಗೆ ಬೇಕು ಎಂಬ ನಿಯಮವೂ ಬಂತು. ಇದಕ್ಕಾಗಿಯೇ ಸೂಜಿ ಹಾಕಿಸಿಕೊಂಡವರು ನಮ್ಮ ಪರಿಚಯದಲ್ಲೇ ಹಲವರಿದ್ದಾರೆ. ನಿಯಮದಿಂದ ಬಂದ ಮನಸ್ಸು ನಿಯಮ ಹೋದೊಡನೆ ಹೋಗುತ್ತದೆ. 2022ರ ವಸಂತದಲ್ಲಿ ಆದದ್ದು ಅದೇ. ನಿರ್ಬಂಧಗಳು ಸಡಿಲವಾದವು. ಅರವತ್ತು ದಾಟಿದವರಿಗೆ ಲಸಿಕೆ ಕಡ್ಡಾಯ ಮಾಡುವ ಮಸೂದೆ ಏಪ್ರಿಲ್ 7ರಂದು ಬುಂಡೆಸ್ಟಾಗ್‌ನಲ್ಲಿ 296 ಪರ, 378 ವಿರುದ್ಧ ಮತಗಳೊಂದಿಗೆ ಬಿದ್ದುಹೋಯಿತು. ಅಲ್ಲಿಂದ ಮುಂದೆ ಎಲ್ಲವೂ ಅವರವರ ಮನಸ್ಸಿಗೆ ಬಿಟ್ಟದ್ದು.

ಅಷ್ಟರಲ್ಲಿ ಮತ್ತೊಂದು ಸಂಗತಿ ನಡೆದಿತ್ತು. ಮೂರು ಡೋಸ್ ಪಡೆದವರಿಗೂ ಒಮಿಕ್ರಾನ್ ತಗುಲಿತು. ಬಹುತೇಕರು ಮನೆಯಲ್ಲೇ ಗುಣವಾದರು. ಲಸಿಕೆಯಿಂದ ಮುಖ್ಯವಾಗಿ ಸಿಗುವುದು ಆ ರಕ್ಷಣೆಯೇ, ಆಸ್ಪತ್ರೆಗೆ ಹೋಗದಂತೆ ಕಾಯುವುದು. ಸೋಂಕೇ ತಗುಲದಂತೆ ತಡೆಯುವ ಶಕ್ತಿ ಕೆಲವೇ ತಿಂಗಳು. ಆದರೆ ಆರಂಭದಲ್ಲಿ ಹಲವರು "ಹಾಕಿಸಿಕೊಂಡರೆ ಮುಗಿಯಿತು" ಎಂಬಂತೆ ಹೇಳಿದ್ದರು, ನಾವೆಲ್ಲ ನಂಬಲು ಬಯಸಿದ್ದೂ ಅದನ್ನೇ. ನಾಲ್ಕನೆಯ ಡೋಸಿಗೆ ಹಿರಿಯರು ಸಹ ಹಿಂದೆ ಸರಿದದ್ದಕ್ಕೆ ಈ ಅತಿಯಾದ ಭರವಸೆಯೇ ದೊಡ್ಡ ಕಾರಣವೆಂದು ನಮಗೆ ತೋರುತ್ತದೆ.

ಎರ್ಫುರ್ಟ್ ವಿಶ್ವವಿದ್ಯಾಲಯದ ಕೊರ್ನೇಲಿಯಾ ಬೆಟ್ಷ್ ಅವರು 2020ರ ಮಾರ್ಚ್‌ನಿಂದ ಜನರ ಮನೋಭಾವವನ್ನು ಸಮೀಕ್ಷೆಗಳ ಮೂಲಕ ಅಳೆಯುತ್ತ ಬಂದವರು. ಲಸಿಕೆಯ ಮನಸ್ಸನ್ನು ಅವರು ಐದು ಎಳೆಗಳಾಗಿ ಬಿಡಿಸುತ್ತಾರೆ: ನಂಬಿಕೆ, "ನನಗೇನಾಗುತ್ತದೆ" ಎಂಬ ನಿಶ್ಚಿಂತೆ, ಎದುರಾಗುವ ಅಡಚಣೆ, ಲಾಭನಷ್ಟದ ಲೆಕ್ಕಾಚಾರ, ಇತರರ ಬಗೆಗಿನ ಹೊಣೆ. ನಮ್ಮವರ ಮಟ್ಟಿಗೆ ಇವುಗಳಲ್ಲಿ ಹೆಚ್ಚು ಕಾಡಿದ್ದು ಮೂರನೆಯದು.

ನೋಡಿ, ಊರಿನಲ್ಲಿ ಎರಡು ಕೋವಿಶೀಲ್ಡ್ ಪಡೆದು ಬಂದ ಹುಡುಗನ ಸ್ಥಿತಿ ಏನು? 2021ರ ಜುಲೈಯಲ್ಲಿ ಐರೋಪ್ಯ ಒಕ್ಕೂಟದ ಡಿಜಿಟಲ್ ಪ್ರಮಾಣಪತ್ರ ಬಂದಾಗ ಕೋವಿಶೀಲ್ಡ್ ತಾನಾಗಿಯೇ ಅದರಲ್ಲಿ ಸೇರಲಿಲ್ಲ. ಜರ್ಮನಿ ಮುಂತಾದ ಕೆಲವು ದೇಶಗಳು ಪ್ರತ್ಯೇಕವಾಗಿ ಅದನ್ನು ಒಪ್ಪಿಕೊಂಡವು. ಕೋವಿಶೀಲ್ಡ್ ಎಂದರೆ ಆಸ್ಟ್ರಾಜೆನೆಕಾ ಲಸಿಕೆಯೇ. ಅದನ್ನು ಇಲ್ಲಿ 2021ರ ಮಾರ್ಚ್‌ನಲ್ಲಿ ಕೆಲ ದಿನ ನಿಲ್ಲಿಸಿ, ಆಮೇಲೆ ಅರವತ್ತು ದಾಟಿದವರಿಗೆ ಮಾತ್ರ ಎಂದಿದ್ದರು. ಅದನ್ನು ತಿಳಿದ ತಾಯಿ ಮೈಸೂರಿನಿಂದ ಅಳುತ್ತ ಫೋನ್ ಮಾಡಿದರೆ, ಮಗ ಮೂರನೆಯದಾಗಿ ಇನ್ನೊಂದು ಕಂಪನಿಯ ಲಸಿಕೆ ಹಾಕಿಸಿಕೊಳ್ಳಲು ಧೈರ್ಯ ಮಾಡುವುದು ಹೇಗೆ? ಬೇರೆ ಜಾತಿಯ ಲಸಿಕೆಯನ್ನು ಬೂಸ್ಟರ್ ಆಗಿ ಕೊಡುವುದರಲ್ಲಿ ತೊಂದರೆಯಿಲ್ಲ, ಜರ್ಮನಿಯಲ್ಲಿ ಲಕ್ಷಾಂತರ ಜನರಿಗೆ ಹಾಗೆಯೇ ಕೊಟ್ಟರು. ಕೋವ್ಯಾಕ್ಸಿನ್ ಪಡೆದವರ ಪಾಡು ಇನ್ನೂ ಕಷ್ಟ. ಜರ್ಮನಿ ಪ್ರವೇಶಕ್ಕೆ ಅದನ್ನು ಒಪ್ಪಿಕೊಂಡದ್ದು 2022ರ ಜೂನ್ 1ರಿಂದ. ಅಲ್ಲಿಯವರೆಗೆ ತಂದೆತಾಯಿಯರ ಟಿಕೆಟ್ ಮುಂದೂಡಿದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಬಾಣಂತನಕ್ಕೆ ಬರಬೇಕಾಗಿದ್ದ ತಾಯಿ ಬರಲಾಗದೆ ಹೋದ ಸಂಕಟ ಅನುಭವಿಸಿದವರಿಗೇ ಗೊತ್ತು.

ಇನ್ನು ಭಾಷೆ. ರಾಬರ್ಟ್ ಕಾಖ್ ಸಂಸ್ಥೆ 2022ರ ಫೆಬ್ರವರಿಯಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ವಲಸೆಯ ಹಿನ್ನೆಲೆಯಿಲ್ಲದವರಲ್ಲಿ ಶೇ. 92ರಷ್ಟು ಮಂದಿ ಲಸಿಕೆ ಪಡೆದಿದ್ದರೆ, ವಲಸೆ ಕುಟುಂಬಗಳಲ್ಲಿ ಅದು ಶೇ. 84 ಇತ್ತು. ಜರ್ಮನ್ ಚೆನ್ನಾಗಿ ಬಲ್ಲವರಲ್ಲಿ ಲಸಿಕೆಯ ಪ್ರಮಾಣವೂ ಹೆಚ್ಚಿತ್ತು. ಹಿಂಜರಿಕೆಗೆ ಧರ್ಮ, ದೇಶ ಎಂದು ಕಾರಣ ಹುಡುಕುವವರು ಇದನ್ನು ಗಮನಿಸಬೇಕು. ಅರ್ಥವಾಗುವ ಮಾತಿನಲ್ಲಿ ಹೇಳಿದರೆ ಜನ ಬರುತ್ತಾರೆ. ಬ್ರೆಮೆನ್ ನಗರದವರು ವಲಸಿಗರ ಬಡಾವಣೆಗಳಿಗೇ ಹೋಗಿ, ಅವರವರ ಭಾಷೆ ಬಲ್ಲವರನ್ನು ಜೊತೆಗಿಟ್ಟುಕೊಂಡು ಮಾತನಾಡಿದರು. ಇಡೀ ಜರ್ಮನಿಯಲ್ಲಿ ಅತಿ ಹೆಚ್ಚು ಲಸಿಕೆಯಾದ ರಾಜ್ಯ ಅದೇ.

ಕೆಲವರು ತಡೆದದ್ದು ಮನಸ್ಸಾಕ್ಷಿಯ ಕಾರಣಕ್ಕೆ ಎಂಬುದನ್ನೂ ಹೇಳಬೇಕು. 2021ರ ಆಗಸ್ಟ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಬಡ ದೇಶಗಳಿಗೆ ಮೊದಲ ಡೋಸ್ ತಲುಪುವವರೆಗೆ ಶ್ರೀಮಂತ ದೇಶಗಳು ಬೂಸ್ಟರ್ ನಿಲ್ಲಿಸಲಿ ಎಂದು ಕೇಳಿಕೊಂಡಿತ್ತು. "ಊರಲ್ಲಿ ತಮ್ಮನಿಗೆ ಎರಡನೆಯದೇ ಆಗಿಲ್ಲ, ನಾನು ಮೂರನೆಯದು ಹೇಗೆ ತೆಗೆದುಕೊಳ್ಳಲಿ?" ಎಂದ ಒಬ್ಬ ಸ್ನೇಹಿತರ ಮಾತಿಗೆ ನಮ್ಮಲ್ಲಿ ತಕ್ಷಣ ಉತ್ತರವಿರಲಿಲ್ಲ. ದೇಶದೇಶಗಳ ನಡುವಿನ ಆ ಅನ್ಯಾಯ ನಿಜ. ಆದರೆ ಫ್ರಾಂಕ್‌ಫರ್ಟಿನ ಡಾಕ್ಟರು ಒಮ್ಮೆ ಬೆರೆಸಿದ ಬಯೋನ್‌ಟೆಕ್ ಶೀಶೆಯ ಆರು ಡೋಸ್‌ಗಳನ್ನು ಆರು ಗಂಟೆಯೊಳಗೆ ಬಳಸಬೇಕಿತ್ತು. ನಾವು ಬಿಟ್ಟ ಡೋಸ್ ರಾಯಚೂರಿಗೆ ಹೋಗುವುದಿಲ್ಲ, ಕಸದ ಬುಟ್ಟಿಗೆ ಹೋಗುತ್ತದೆ.

ಭಾರತದಲ್ಲೂ ಕಥೆ ಬೇರೆಯಾಗಿರಲಿಲ್ಲ. ಅಲ್ಲಿ 2022ರ ಜನವರಿ 10ರಂದು 'ಮುನ್ನೆಚ್ಚರಿಕೆ ಡೋಸ್' ಎಂಬ ಹೆಸರಿನಲ್ಲಿ ಆರೋಗ್ಯ ಕಾರ್ಯಕರ್ತರಿಗೂ ಹಿರಿಯರಿಗೂ ಆರಂಭಿಸಿದರು. ಏಪ್ರಿಲ್‌ನಲ್ಲಿ ಉಳಿದ ವಯಸ್ಕರಿಗೆ ತೆರೆದರೂ ಖಾಸಗಿ ಆಸ್ಪತ್ರೆಯಲ್ಲಿ ಹಣ ಕೊಟ್ಟೇ ಪಡೆಯಬೇಕಿತ್ತು. ಜುಲೈ 15ರಿಂದ 75 ದಿನ ಉಚಿತ ಮಾಡಿದರು. ಆದರೂ ಎರಡು ಡೋಸ್ ಪಡೆದ ಸುಮಾರು 95 ಕೋಟಿ ಜನರಲ್ಲಿ ಮೂರನೆಯದಕ್ಕೆ ಬಂದವರು 23 ಕೋಟಿಗಿಂತ ಕಡಿಮೆ. ಮುನ್ನೆಚ್ಚರಿಕೆ ಎಂಬ ಹೆಸರೇ "ಬೇಕಾದವರು ಹಾಕಿಸಿಕೊಳ್ಳಿ" ಎಂಬಂತೆ ಕೇಳಿಸಿತೋ ಏನೋ!

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ತುರ್ತುಸ್ಥಿತಿ ಮುಗಿಯಿತೆಂದಿತು. ಅದೇ ವಸಂತದಲ್ಲಿ ಸ್ಟಿಕೊ ಎಲ್ಲರಿಗೂ ಬೂಸ್ಟರ್ ಎಂಬುದನ್ನು ಬಿಟ್ಟು, ಅರವತ್ತು ದಾಟಿದವರು, ದೀರ್ಘಕಾಲದ ಕಾಯಿಲೆಯಿರುವವರು, ಆಸ್ಪತ್ರೆ ಮತ್ತು ವೃದ್ಧಾಶ್ರಮಗಳಲ್ಲಿ ದುಡಿಯುವವರು ವರ್ಷಕ್ಕೊಮ್ಮೆ ಶರತ್ಕಾಲದಲ್ಲಿ ಪಡೆಯಲಿ ಎಂದಿತು. ಆರೋಗ್ಯವಂತ ಮಕ್ಕಳಿಗೆ ಬೇಡವೆಂದಿತು. ಮುಂದೆ ಈ ಸಲಹೆ ಮತ್ತೆ ಬದಲಾಗಬಹುದು, ಆದ್ದರಿಂದ ಆಯಾ ವರ್ಷ ನಿಮ್ಮ ಹೌಸ್‌ಆರ್ಟ್ಸ್ಟ್ ಅವರನ್ನೇ ಕೇಳುವುದು ಸರಿ. ನಮ್ಮ ಮೊದಲ ತಲೆಮಾರಿನವರು ಈಗ ಒಬ್ಬೊಬ್ಬರಾಗಿ ಅರವತ್ತು ದಾಟುತ್ತಿದ್ದಾರೆ. ಮಧುಮೇಹ, ರಕ್ತದೊತ್ತಡ ನಮ್ಮವರಿಗೆ ಹೊಸದಲ್ಲ. ಬೇಸಿಗೆಗೆಂದು ಬಂದು ಅಕ್ಟೋಬರ್‌ವರೆಗೆ ಉಳಿಯುವ ಅಪ್ಪ ಅಮ್ಮಂದಿರ ಪ್ರವಾಸಿ ವಿಮೆ ಇಂಥ ಲಸಿಕೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ಊರಿಂದ ಹೊರಡುವ ಮೊದಲೇ ಅಲ್ಲಿನ ಡಾಕ್ಟರನ್ನು ಕೇಳಿಸಿರಿ.

ಹಲವು ಮನೆಗಳಲ್ಲಿ ಆ ಹಳದಿ ಲಸಿಕೆ ಪುಸ್ತಕ ಎಲ್ಲಿದೆಯೆಂಬುದೇ ಗೊತ್ತಿರುವುದಿಲ್ಲ. ಊರಿನ ಲಸಿಕೆಗಳು ಕೋವಿನ್ ಪ್ರಮಾಣಪತ್ರದಲ್ಲಿ, ಇಲ್ಲಿಯವು ಪುಸ್ತಕದಲ್ಲಿ, ಮಕ್ಕಳದ್ದು ಇನ್ನೆಲ್ಲೋ. ಎಲ್ಲವನ್ನೂ ಒಂದು ಕವರಿಗೆ ಹಾಕಿ ನಮ್ಮ ಸಮಾರಂಭದ ದಿನ ನೋಂದಣಿ ಮೇಜಿನ ಬಳಿಗೆ ತನ್ನಿರಿ. ಯಾವ ಲಸಿಕೆ ಯಾವಾಗ ಆಗಿದೆ, ಧನುರ್ವಾಯುವಿನದಕ್ಕೆ ಹತ್ತು ವರ್ಷ ದಾಟಿದೆಯೇ, ಡಾಕ್ಟರಿಗೆ ಜರ್ಮನ್‌ನಲ್ಲಿ ಏನೆಂದು ಕೇಳಬೇಕು ಎಂಬುದನ್ನು ಕನ್ನಡದಲ್ಲಿ ಓದಿ, ಒಂದು ಚೀಟಿಯಲ್ಲಿ ಬರೆದುಕೊಡುತ್ತೇವೆ. ಊಟದ ಸಾಲು ಶುರುವಾಗುವ ಮೊದಲೇ ಬಂದರೆ ನಮಗೂ ಅನುಕೂಲ.