ಪ್ರತಿ ಪ್ರಾಜೆಕ್ಟಿಗೂ ಅದೇ ಸಿದ್ಧತೆ ಏಕೆ?

ಪ್ರಶ್ನೆ: ಪೈಥಾನ್‌ನಲ್ಲಿ ಹೊಸ ಪ್ರಾಜೆಕ್ಟ್ ಶುರುಮಾಡಿದಾಗಲೆಲ್ಲ ವರ್ಚುವಲ್ ಎನ್ವಿರಾನ್‌ಮೆಂಟ್ ಸೃಷ್ಟಿಸಿ, ಅದನ್ನು ಎಡಿಟರಿಗೆ ತೋರಿಸಿಕೊಡಬೇಕು. ಇದು ತಾನಾಗಿಯೇ ಆಗುವಂತೆ ಮಾಡಬಹುದೇ?

ಉತ್ತರ: ಖಂಡಿತ. ವರ್ಚುವಲ್ ಎನ್ವಿರಾನ್‌ಮೆಂಟ್ ಎಂದರೆ ಬರೀ ಒಂದು ಫೋಲ್ಡರ್. ಅದರೊಳಗೆ ಪೈಥಾನಿಗೆ ಒಂದು ಕೊಂಡಿ, ಆ ಪ್ರಾಜೆಕ್ಟಿಗೆ ಬೇಕಾದ ಲೈಬ್ರರಿಗಳು, ಒಂದು ಪುಟ್ಟ ಸಂರಚನಾ ಕಡತ ಇರುತ್ತವೆ. 2012ರಲ್ಲಿ ಬಂದ ಪೈಥಾನ್ 3.3ರಿಂದ ಇದನ್ನು ಸೃಷ್ಟಿಸುವ 'ವೆನ್ವ್' ಎಂಬ ಸಾಧನ ಭಾಷೆಯ ಜೊತೆಗೇ ಬರುತ್ತದೆ. 'ಆ್ಯಕ್ಟಿವೇಟ್' ಮಾಡುವುದೂ ದೊಡ್ಡ ಮಾಯೆಯಲ್ಲ. ಆಜ್ಞೆಗಳನ್ನು ಹುಡುಕುವ ದಾರಿಯ ಪಟ್ಟಿಯಲ್ಲಿ ಈ ಫೋಲ್ಡರನ್ನು ಮೊದಲಿಗೆ ತರುವುದಷ್ಟೇ ಅದರ ಮುಖ್ಯ ಕೆಲಸ.

ಹಾಗಾಗಿ ಮೂರು ಸಾಲಿನ ಸ್ಕ್ರಿಪ್ಟ್ ಸಾಕು: ಪ್ರಾಜೆಕ್ಟಿನೊಳಗೆ 'ಡಾಟ್ ವೆನ್ವ್' ಹೆಸರಿನ ಎನ್ವಿರಾನ್‌ಮೆಂಟ್ ಸೃಷ್ಟಿಸುವುದು, ಬೇಕಾದ ಲೈಬ್ರರಿಗಳ ಪಟ್ಟಿಯಲ್ಲಿರುವುದನ್ನೆಲ್ಲ ಅದರದೇ 'ಪಿಪ್' ಮೂಲಕ ಹಾಕುವುದು, ಎಡಿಟರ್ ತೆರೆಯುವುದು. ಫೋಲ್ಡರ್ ಅಲ್ಲೇ ಇದ್ದರೆ ವಿಎಸ್ ಕೋಡ್ ಎಡಿಟರಿನ ಪೈಥಾನ್ ಎಕ್ಸ್‌ಟೆನ್ಷನ್ ಸಾಮಾನ್ಯವಾಗಿ ಅದನ್ನು ತಾನೇ ಗುರುತಿಸುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು, ಪ್ರಾಜೆಕ್ಟಿನ ಸೆಟ್ಟಿಂಗ್ಸ್ ಕಡತದಲ್ಲಿ ಡೀಫಾಲ್ಟ್ ಇಂಟರ್‌ಪ್ರಿಟರ್‌ನ ವಿಳಾಸವನ್ನೂ ಸ್ಕ್ರಿಪ್ಟೇ ಬರೆದಿಡಲಿ. ನೀವು ಈಗಾಗಲೇ ಬೇರೊಂದು ಇಂಟರ್‌ಪ್ರಿಟರ್ ಆರಿಸಿದ್ದರೆ ಮಾತ್ರ ಈ ಸಾಲು ಲೆಕ್ಕಕ್ಕೆ ಬಾರದು. ಆಗ ಹಳೆಯ ಆಯ್ಕೆಯನ್ನು ಅಳಿಸಬೇಕು.

ಎರಡು ಎಚ್ಚರಿಕೆಗಳು. ಎನ್ವಿರಾನ್‌ಮೆಂಟಿನೊಳಗೆ ಪೂರ್ಣ ವಿಳಾಸಗಳು ಅಚ್ಚಾಗಿರುವುದರಿಂದ ಅದನ್ನು ಬೇರೆ ಜಾಗಕ್ಕೆ ನಕಲು ಮಾಡಬೇಡಿ. ಅಳಿಸಿ ಮತ್ತೆ ಸೃಷ್ಟಿಸಿ. ಗಿಟ್‌ಗೂ ಅದನ್ನು ಸೇರಿಸಬೇಡಿ. ಲೈಬ್ರರಿಗಳ ಪಟ್ಟಿ ಮತ್ತು ಸ್ಕ್ರಿಪ್ಟ್ ಇದ್ದರೆ ಸಹೋದ್ಯೋಗಿಗಳು ತಮ್ಮ ಯಂತ್ರದಲ್ಲಿ ತಾವೇ ಕಟ್ಟಿಕೊಳ್ಳುತ್ತಾರೆ.