ಯುಗಾದಿಗೆ ಬೀಜ ಹಾಕೋ ಮೊದಲು ಬಕೆಟ್ ಎಣಿಸಿ: ನೀರಿಲ್ಲದ ಬೇಸಿಗೆಯಲ್ಲಿ ಕೈತೋಟ ಉಳಿಸಿಕೊಳ್ಳುವುದು ಹೇಗೆ?

(ಈ ಸಂಚಿಕೆಯ ಪಠ್ಯ ರೂಪ)

ಹೊಂಗೆ ಮರ ಚಿಗುರಿದೆ, ಮಾವಿನಲ್ಲಿ ಕಾಯಿ ಕಚ್ಚಿದೆ, ಯುಗಾದಿ ಹತ್ತಿರ ಬಂತು. ಈ ಹೊತ್ತಲ್ಲಿ ಗಿಡದ ಹುಚ್ಚು ಇರೋರಿಗೆ ಕೈ ಸುಮ್ಮನಿರೋದಿಲ್ಲ. ನರ್ಸರಿಗೆ ಹೋಗ್ತೀವಿ, ಬೀಜದ ಪೊಟ್ಟಣ ತರ್ತೀವಿ, ಗ್ರೋ ಬ್ಯಾಗ್ ತರ್ತೀವಿ. ಮೊಬೈಲ್ ತೆಗೆದರೆ ಸಾಕು, ವಸಂತ ಬಂತು, ನೆಡೋಕೆ ಶುರು ಮಾಡಿ ಅನ್ನೋ ವಿಡಿಯೊಗಳು. ಆದ್ರೆ ಒಂದು ಪ್ರಶ್ನೆ. ಆ ವಸಂತ ನಮ್ಮದೇನಾ?

ಆ ವಿಡಿಯೊಗಳಲ್ಲಿ ಬಹಳಷ್ಟು ಬರೋದು ಚಳಿ ದೇಶಗಳಿಂದ. ಅಲ್ಲಿ ನೆಲ ತಿಂಗಳುಗಟ್ಟಲೆ ಹೆಪ್ಪುಗಟ್ಟಿರುತ್ತೆ. ಮಾರ್ಚ್, ಏಪ್ರಿಲ್‌ನಲ್ಲಿ ಮಂಜು ಕರಗಿ ಮಣ್ಣು ಬೆಚ್ಚಗಾದಾಗ ಬಿತ್ತನೆ ಶುರು. ನಮ್ಮಲ್ಲಿ ಕತೆ ಉಲ್ಟಾ. ಚೈತ್ರ, ವೈಶಾಖ ಅಂದ್ರೆ ಹೆಸರಿಗೆ ವಸಂತ, ಮೈಗೆ ಬಿರುಬಿಸಿಲು. ಬೆಂಗಳೂರಿನಲ್ಲಿ ವರ್ಷದ ಅತ್ಯಂತ ಬಿಸಿಯಾದ ತಿಂಗಳು ಏಪ್ರಿಲ್. ಅಂದ್ರೆ ಅವರ ವಸಂತದಲ್ಲಿ ಗಿಡಕ್ಕೆ ಬೇಕಾಗಿದ್ದು ಬಿಸಿಲು, ನಮ್ಮ ವಸಂತದಲ್ಲಿ ಬೇಕಾಗಿದ್ದು ನೀರು. ಇವತ್ತಿನ ಮಾತೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಇದನ್ನ ನಾನು ಕಲಿತಿದ್ದು 2024ರಲ್ಲಿ, ಅದೂ ಕಷ್ಟಪಟ್ಟು. ಆ ಮಾರ್ಚ್ ನಿಮಗೂ ನೆನಪಿರಬಹುದು. ಬೋರ್‌ವೆಲ್‌ಗಳು ಬತ್ತಿದ್ದವು, ಟ್ಯಾಂಕರ್‌ಗೆ ಕಾಯಬೇಕಿತ್ತು. ಕುಡಿಯೋ ನೀರನ್ನ ಕೈತೋಟಕ್ಕೆ, ಕಾರು ತೊಳೆಯೋಕೆ ಬಳಸಬಾರದು, ಬಳಸಿದ್ರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿತು. 2025ರ ಫೆಬ್ರುವರಿಯಲ್ಲೂ ಅಂಥದ್ದೇ ಆದೇಶ ಬಂತು. ಅದರ ಮೇಲೆ 2024ರ ಏಪ್ರಿಲ್ ಪೂರ್ತಿ ನಗರದಲ್ಲಿ ಮಳೆಯೇ ದಾಖಲಾಗಲಿಲ್ಲ. ನಾಲ್ಕು ದಶಕಗಳಲ್ಲಿ ಹಾಗಾಗಿದ್ದು ಅದೇ ಮೊದಲು.

ನಮ್ಮ ಮನೆ ಟೆರೇಸ್ ಮೇಲೆ ಆಗ 40 ಕುಂಡ ಇದ್ದವು. ಸಂಕ್ರಾಂತಿ ಮುಗಿದ ಹುರುಪಲ್ಲಿ ನಾನು ಟೊಮೆಟೊ, ಕೊತ್ತಂಬರಿ, ಪಾಲಕ್, ಮೂಲಂಗಿ ಎಲ್ಲ ಹಾಕಿದ್ದೆ. ಕಟ್ಟಡದ ಬೋರ್‌ವೆಲ್ ಕೈಕೊಟ್ಟ ದಿನ ಗಿಡಗಳ ಮುಂದೆ ಪೆಚ್ಚುಮೋರೆ ಹಾಕ್ಕೊಂಡು ನಿಂತಿದ್ದೆ. ಹಾಸನ ಕಡೆಯ ಹಳ್ಳಿಯಲ್ಲಿ ಹಿತ್ತಲು ಮಾಡಿ ಬೆಳೆದವರು ನಮ್ಮಮ್ಮ. ಹಿಂದೆ ಬಂದು ನೋಡಿ ಹೇಳಿದ್ರು: "ಗಿಡ ಎಣಿಸ್ತಾ ಕೂರಬೇಡ ಮಗಾ, ಬಕೆಟ್ ಎಣಿಸು. ಇರೋ ನೀರಿಗೆ ಎಷ್ಟು ಗಿಡವೋ ಅಷ್ಟೇ ನಮ್ದು."

ಸರಿ, ಎಣಿಸಿದ್ವಿ. ಒಂದು ಅಡಿ ಅಗಲದ ಕುಂಡಕ್ಕೆ ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ ಹೆಚ್ಚೂಕಡಿಮೆ ಒಂದೂವರೆ ಲೀಟರ್ ನೀರು ಬೇಕಾಗ್ತಿತ್ತು. 40 ಕುಂಡಕ್ಕೆ 60 ಲೀಟರ್, ಅಂದ್ರೆ 15 ಲೀಟರಿನ ನಾಲ್ಕು ಬಕೆಟ್. ಅಡುಗೆಮನೆಯಲ್ಲಿ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರೆಲ್ಲ ಸೇರಿಸಿ, ಅದರ ಮೇಲೆ ಒಂದಷ್ಟು ಸ್ನಾನದ ನೀರು ಹಿಡಿದಿಟ್ಟರೂ ನಮಗೆ ಸಿಗ್ತಿದ್ದದ್ದು ಒಂದೂವರೆ ಬಕೆಟ್, ಸುಮಾರು 22 ಲೀಟರ್. ಅದರಲ್ಲಿ 15 ಕುಂಡ ಉಳಿಯುತ್ತೆ, 25 ಹೋಗುತ್ತೆ. ಲೆಕ್ಕ ಅಷ್ಟು ಸರಳ, ಅಷ್ಟೇ ಕಠಿಣ.

ಹಾಗಾದ್ರೆ ಮೊದಲ ಕೆಲಸ ಬೀಜ ಹಾಕೋದಲ್ಲ, ಗಿಡಕ್ಕೆ ಬೇಕಾಗೋ ನೀರನ್ನೇ ಕಡಿಮೆ ಮಾಡೋದು. ಅದಕ್ಕೆ ಎರಡು ದಾರಿ ಇವೆ: ಮುಚ್ಚಿಗೆ ಮತ್ತು ನೆರಳು.

ಮುಚ್ಚಿಗೆ ಅಂದ್ರೆ ಮಣ್ಣಿನ ಮೇಲೆ ಒಣ ಎಲೆ ಹಾಸೋದು. ಕುಂಡಕ್ಕೆ ಹಾಕಿದ ನೀರೆಲ್ಲ ಗಿಡವೇ ಕುಡಿಯೋದಿಲ್ಲ. ಬಿಸಿಲಿಗೆ ತೆರೆದ ಮಣ್ಣಿನಿಂದ ಒಂದು ಪಾಲು ನೇರವಾಗಿ ಆವಿಯಾಗಿ ಹೋಗುತ್ತೆ. ಎರಡು, ಮೂರು ಇಂಚು ದಪ್ಪಕ್ಕೆ ಎಲೆ ಹಾಸಿದ್ರೆ ಆ ನಷ್ಟ ತಪ್ಪುತ್ತೆ, ಬೇರು ಕೂಡ ತಂಪಾಗಿರುತ್ತೆ. ಬುಡಕ್ಕೆ ಮಾತ್ರ ಒತ್ತಿಸಬೇಡಿ, ಕಾಂಡದ ಸುತ್ತ ಒಂದು ಇಂಚು ಜಾಗ ಬಿಡಿ, ಇಲ್ಲಾಂದ್ರೆ ಕೊಳೆಯುತ್ತೆ.

ಎಲೆಗೆ ಎಲ್ಲಿ ಹೋಗೋದು ಅಂತೀರಾ? ಫೆಬ್ರುವರಿ, ಮಾರ್ಚ್‌ನಲ್ಲಿ ಹೊಂಗೆ, ಬೇವು ಎಲೆ ಉದುರಿಸಿ ರಸ್ತೆ ತುಂಬಾ ಹಾಸಿರುತ್ತವೆ. ನಾವು ಅದನ್ನ ಗುಡಿಸಿ ಮೂಲೆಗೆ ಹಾಕಿ ಬೆಂಕಿ ಇಡ್ತೀವಿ. ದಯವಿಟ್ಟು ಸುಡಬೇಡಿ. ಆ ಹೊಗೆ ಪಕ್ಕದ ಮನೆ ಮಗುವಿನ ಎದೆಗೆ ಹೋಗುತ್ತೆ, ನಮ್ಮ ಮಣ್ಣಿಗೆ ಸೇರಬೇಕಾದದ್ದು ಬೂದಿಯಾಗುತ್ತೆ. ಎರಡು ಗೋಣಿಚೀಲ ತುಂಬಿಸಿಟ್ಟುಕೊಳ್ಳಿ. ಒಂದು ಮುಚ್ಚಿಗೆಗೆ, ಇನ್ನೊಂದು ಗೊಬ್ಬರಕ್ಕೆ. ಗೊಬ್ಬರಕ್ಕೆ ಇಟ್ಟ ಎಲೆಯನ್ನ ಕೈಯಲ್ಲಿ ಪುಡಿ ಮಾಡಿ, ಅಡುಗೆಮನೆ ಹಸಿ ಕಸದ ಜತೆ ಪದರ ಪದರವಾಗಿ ಹಾಕಿ. ಮಧ್ಯೆ ಮಧ್ಯೆ ಸ್ವಲ್ಪ ಸಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ. ಹಿಂಡಿದ ಬಟ್ಟೆಯಷ್ಟು ತೇವ ಇದ್ರೆ ಸಾಕು. ವಾರಕ್ಕೊಮ್ಮೆ ತಿರುವಿ. ಯುಗಾದಿಗೆ ಶುರು ಮಾಡಿದ್ದು ಗಣೇಶನ ಹಬ್ಬದ ಹೊತ್ತಿಗೆ ಕಪ್ಪಗೆ, ಮಣ್ಣಿನ ವಾಸನೆಯ ಗೊಬ್ಬರ ಆಗಿರುತ್ತೆ.

ಇನ್ನು ನೆರಳು. ನರ್ಸರಿಯಲ್ಲಿ ಸಿಗೋ ಹಸಿರು ಬಲೆ ಕಟ್ಟಬಹುದು. ನಮ್ಮಮ್ಮ ಕಟ್ಟಿದ್ದು ಹಳೇ ಕಾಟನ್ ಸೀರೆ. ಬೆಳಗಿನ ಬಿಸಿಲು ಬೀಳಲಿ, ಮಧ್ಯಾಹ್ನದ್ದು ಮಾತ್ರ ತಡೆಯಲಿ. ಕುಂಡಗಳನ್ನ ದೂರ ದೂರ ಇಡೋ ಬದಲು ಒಂದಕ್ಕೊಂದು ತಾಗಿಸಿ ಇಟ್ರೆ ಕುಂಡದ ಪಕ್ಕಗಳು ಕಾಯೋದು ತಪ್ಪುತ್ತೆ. ಇಷ್ಟು ಮಾಡಿದ ಮೇಲೆ ನಮಗೆ ಕುಂಡಕ್ಕೆ ಒಂದು ಲೀಟರ್ ಸಾಕಾಯ್ತು. ಅದೇ 22 ಲೀಟರ್‌ಗೆ 15ರ ಬದಲು 22 ಕುಂಡ. ಒಂದು ಹನಿ ನೀರು ಜಾಸ್ತಿ ತರದೆ ಏಳು ಗಿಡ ಉಳಿದವು.

ಬಳಸಿದ ನೀರಿನ ಬಗ್ಗೆ ಒಂದು ಎಚ್ಚರಿಕೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಎಲ್ಲ ಗಿಡಕ್ಕೂ ಒಳ್ಳೇದು, ಉಪ್ಪು ಮಾತ್ರ ಹಾಕಿರಬಾರದು. ಏಸಿಯಿಂದ ಸುರಿಯೋ ನೀರಲ್ಲಿ ಲವಣವೇ ಇರೋದಿಲ್ಲ, ಅದೂ ಸರಿ. ಸೋಪು ಕಡಿಮೆ ಇರೋ ಸ್ನಾನದ ನೀರನ್ನ ಹೂವಿನ ಗಿಡಕ್ಕೆ, ದೊಡ್ಡ ಗಿಡಕ್ಕೆ ಹಾಕಿ. ಹಸಿಯಾಗಿ ತಿನ್ನೋ ಸೊಪ್ಪಿಗೆ ಬೇಡ. ವಾಷಿಂಗ್ ಮೆಷಿನ್ ನೀರಲ್ಲಿ ಸೋಡಿಯಂ ಲವಣ ಇರುತ್ತೆ. ದಿನಾ ಹಾಕ್ತಾ ಹೋದ್ರೆ ಮಣ್ಣು ಗಟ್ಟಿಯಾಗಿ ನೀರು ಇಳಿಯೋದೇ ನಿಲ್ಲುತ್ತೆ. ಆರ್‌ಒ ಫಿಲ್ಟರ್ ಬಿಡೋ ನೀರಲ್ಲೂ ಲವಣ ಜಾಸ್ತಿ, ಅದನ್ನ ಬೇರೆ ನೀರಿನ ಜತೆ ಬೆರೆಸಿ ಬಳಸಿ. ಇನ್ನೊಂದು ಮಾತು. ದಿನಕ್ಕೆ ನಾಲ್ಕು ಸಲ ಚಿಮುಕಿಸೋದಕ್ಕಿಂತ ಬೆಳಗ್ಗೆ ಒಂದು ಸಲ ಬೇರಿಗೆ ಇಳಿಯೋ ಹಾಗೆ ಹಾಕಿ. ಬೆರಳನ್ನ ಎರಡು ಇಂಚು ಮಣ್ಣಿಗೆ ಇಳಿಸಿ ನೋಡಿ. ತೇವ ತಾಗಿದ್ರೆ ಇವತ್ತು ಬೇಡ.

ಈಗ ಬರೋಣ, ಏನು ನೆಡಬೇಕು ಅನ್ನೋದಕ್ಕೆ. ನನ್ನ ತಪ್ಪು ಇದ್ದದ್ದು ಇಲ್ಲೇ. ಕೊತ್ತಂಬರಿ, ಪಾಲಕ್, ಮೂಲಂಗಿ, ಬಟಾಣಿ, ಹೂಕೋಸು, ಇವೆಲ್ಲ ತಂಪು ಕೇಳೋ ಬೆಳೆಗಳು. ಬಿಸಿಲು ಏರಿದ ತಕ್ಷಣ ಕೊತ್ತಂಬರಿ ಸೊಪ್ಪು ಬಿಡೋದು ನಿಲ್ಲಿಸಿ ಹೂವಿಗೆ ಹೋಗುತ್ತೆ. ಬೀಜ ಮಾಡ್ಕೊಂಡು ವಂಶ ಉಳಿಸ್ಕೊಳ್ಳೋ ಆತುರ ಅದಕ್ಕೆ. ಟೊಮೆಟೊ ಗಿಡ ಬದುಕುತ್ತೆ, ಹೂವೂ ಬಿಡುತ್ತೆ. ಆದ್ರೆ ಹಗಲಿನ ಬಿಸಿ 32-35 ಡಿಗ್ರಿ ದಾಟಿ, ರಾತ್ರಿಯೂ ತಣ್ಣಗಾಗದೆ ಇದ್ರೆ ಪರಾಗ ಕೆಲಸ ಮಾಡೋದಿಲ್ಲ, ಹೂವು ಕಾಯಾಗದೆ ಉದುರುತ್ತೆ. ಗೊಬ್ಬರ ಸಾಲಲಿಲ್ಲ ಅಂತ ನಾವು ಇನ್ನಷ್ಟು ಸುರೀತೀವಿ. ತೊಂದರೆ ಇರೋದು ಗೊಬ್ಬರದಲ್ಲಿ ಅಲ್ಲ, ಕ್ಯಾಲೆಂಡರ್‌ನಲ್ಲಿ.

ಬೇಸಿಗೆಗೆ ಒಗ್ಗೋ ಬೆಳೆ ನಮ್ಮಲ್ಲೇ ಬೇಕಾದಷ್ಟಿವೆ. ಬೆಂಡೆ, ಅಲಸಂದೆ, ಗೋರಿಕಾಯಿ, ದಂಟು, ಬಸಳೆ, ಹೀರೆ, ಹಾಗಲ. ದಂಟಿನ ಸೊಪ್ಪು 25-30 ದಿನಕ್ಕೆ ಕೈಗೆ ಬರುತ್ತೆ. ಕಡಿಮೆ ನೀರಲ್ಲಿ ಬೇಗ ಫಲ ಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೇದಿಲ್ಲ. ಬೆಂಡೆ ಬೀಜವನ್ನ ರಾತ್ರಿ ನೆನೆಹಾಕಿ ಬೆಳಗ್ಗೆ ಊರಿ. ಎಷ್ಟು ಆಳ ಅಂದ್ರೆ ಬೀಜದ ದಪ್ಪದ ಎರಡು, ಮೂರು ಪಟ್ಟು, ಅಷ್ಟೇ. ಒಂದೂವರೆ ತಿಂಗಳಿಗೆ ಹೂವು ಬರುತ್ತೆ. ಕಾಯಿ ಬಿಡೋಕೆ ಶುರುವಾದ ಮೇಲೆ ದಿನ ಬಿಟ್ಟು ದಿನ ಕೀಳಿ. ಬಲಿಯೋಕೆ ಬಿಟ್ರೆ ಹೊಸ ಕಾಯಿ ಕಡಿಮೆಯಾಗುತ್ತೆ.

ಬೆಂಡೆಗೆ ಬೇಸಿಗೆಯಲ್ಲಿ ಒಬ್ಬ ಶತ್ರು ಇದೆ. ಎಲೆಯ ನರಗಳೆಲ್ಲ ಹಳದಿಯಾಗಿ ಬಲೆ ಹಾಗೆ ಕಾಣೋ ನಂಜು ರೋಗ. ಅದನ್ನ ಹರಡೋದು ಬಿಳಿ ನೊಣ. ರೋಗ ಬಂದ ಮೇಲೆ ಔಷಧಿ ಇಲ್ಲ, ಗಿಡ ಕಿತ್ತು ಹಾಕೋದೇ ದಾರಿ. ಹಾಗಾಗಿ ಬೀಜ ಆರಿಸುವಾಗಲೇ ಜೋಪಾನ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಈ ರೋಗವನ್ನ ತಡೆದುಕೊಳ್ಳೋ ಹಾಗೆ ಅಭಿವೃದ್ಧಿ ಮಾಡಿದ ತಳಿ ಅರ್ಕಾ ಅನಾಮಿಕ. ಜತೆಗೆ ಹಳದಿ ಅಂಟು ಕಾಗದ ಕಟ್ಟಿ. ಲೀಟರ್ ನೀರಿಗೆ ಮೂರರಿಂದ ಐದು ಮಿ.ಲೀ. ಬೇವಿನ ಎಣ್ಣೆ, ಎರಡು ಹನಿ ಸೋಪು ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ.

ಹೀರೆ ಬಳ್ಳಿ ಹಾಕಿದೋರು ಕೇಳೋ ಪ್ರಶ್ನೆ ಒಂದೇ: ಹೂವು ಬಿಡುತ್ತೆ, ಕಾಯಿ ಯಾಕಿಲ್ಲ? ಮೊದಲು ಬರೋದೆಲ್ಲ ಗಂಡು ಹೂವು, ಅದಕ್ಕೆ ಗಾಬರಿ ಬೇಡ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತೆ, ಗುರುತು ಹಿಡಿಯೋದು ಸುಲಭ. ಮೂರನೇ, ನಾಲ್ಕನೇ ಮಹಡಿಗೆ ಜೇನುನೊಣ ಬರೋದು ಕಡಿಮೆ. ಹೀರೆ ಹೂವು ಅರಳೋದು ಬೇರೆ ಸಂಜೆಗೆ. ಕೆಲಸದಿಂದ ಬಂದ ಮೇಲೆ ಒಂದು ಗಂಡು ಹೂವು ಕಿತ್ತು, ಅದರ ಪರಾಗವನ್ನ ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಸವರಿ. ಹಾಗಲಕ್ಕಾದ್ರೆ ಇದೇ ಕೆಲಸ ಬೆಳಗ್ಗೆ.

ಮಿಕ್ಕಿದ್ದೆಲ್ಲ ಮಳೆಗೆ ಬಿಡಿ. ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಸರಾಸರಿ 60 ಮಿ.ಮೀ. ಆಸುಪಾಸಿನ ಮಳೆ. ಮೇ ತಿಂಗಳಲ್ಲಿ ಅದು ದುಪ್ಪಟ್ಟಾಗುತ್ತೆ. ಹಿರಿಯರು ಇದನ್ನ ನಕ್ಷತ್ರದ ಲೆಕ್ಕದಲ್ಲಿ ಹಿಡಿದಿದ್ದರು. ಏಪ್ರಿಲ್ ಕೊನೆಗೆ ಭರಣಿ, ಮೇ ಎರಡನೇ ವಾರದಿಂದ ಕೃತ್ತಿಕೆ, ತಿಂಗಳ ಕೊನೆಗೆ ರೋಹಿಣಿ, ಜೂನ್‌ಗೆ ಮೃಗಶಿರ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನೋ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ನೆಲ ಇರೋರು ನುಗ್ಗೆ, ಕರಿಬೇವು, ಪಪ್ಪಾಯಿಗೆ ಎರಡಡಿ ಗುಂಡಿಯನ್ನ ಈಗಲೇ ತೋಡಿ ಬಿಸಿಲಿಗೆ ಬಿಡಿ. ಮಣ್ಣಿನಲ್ಲಿರೋ ಹುಳ, ಕಳೆ ಬೀಜ ಎಷ್ಟೋ ಸಾಯುತ್ತವೆ. ಸಸಿ ನೆಡೋದು ಜೂನ್ ಮಳೆ ಹಿಡಿದ ಮೇಲೆ. ಶುಂಠಿ, ಅರಿಸಿನವನ್ನ ಮೇ ತಿಂಗಳ ಮಳೆ ಬಿದ್ದ ಮೇಲೆ ಕುಂಡಕ್ಕೇ ಊರಬಹುದು. ದೊಡ್ಡ ಕೊಂಬೆ ಕಡಿಯೋ ಕೆಲಸವನ್ನ ಬಿರುಬಿಸಿಲಲ್ಲಿ ಮಾಡಬೇಡಿ, ಒಣಗಿದ್ದನ್ನ ಮಾತ್ರ ತೆಗೀರಿ.

ಮಳೆಗೆ ಮೊದಲು ಎರಡು ಕೆಲಸ ಮರೀಬೇಡಿ. ಒಂದು, ಟೆರೇಸ್‌ನ ನೀರು ಹೋಗೋ ಕಿಂಡಿ, ಕುಂಡದ ತೂತು ಎರಡನ್ನೂ ಬಿಡಿಸಿ. 15 ಇಂಚಿನ ಗ್ರೋ ಬ್ಯಾಗ್ ತುಂಬಾ ನೆನೆದರೆ 40 ಕಿಲೊ ತೂಗಬಹುದು, ಅದಕ್ಕೇ ಭಾರದವನ್ನ ತೊಲೆ, ಗೋಡೆ ಇರೋ ಕಡೆ ಸರಿಸಿ. ಎರಡು, ಕುಂಡದ ಕೆಳಗಿನ ತಟ್ಟೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಬೇಕಾಯ್ತು. ಆ ಸೊಳ್ಳೆಯ ಮೊಟ್ಟೆ ಒಣಗಿದ ತಟ್ಟೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಇರುತ್ತೆ. ಮಳೆ ನೀರು ತಾಗಿದ ಮೇಲೆ ಒಂದೂ ಚಿಲ್ಲರೆ ವಾರ ಸಾಕು, ಸೊಳ್ಳೆ ಹಾರುತ್ತೆ. ನೀರು ಚೆಲ್ಲಿದ್ರೆ ಸಾಲದು, ತಟ್ಟೆಯನ್ನ ಬ್ರಶ್ ಹಾಕಿ ಉಜ್ಜಿ.

ಇನ್ನು ಆ 18 ಕುಂಡಗಳ ಕತೆ. 22 ಉಳಿಸ್ಕೊಂಡ ಮೇಲೆ ಬಿಡಬೇಕಾದವು ಅಷ್ಟು. ನಾನಾಗಿದ್ರೆ ಟೊಮೆಟೊ ಉಳಿಸ್ತಿದ್ದೆ, ಮೂರು ತಿಂಗಳ ಶ್ರಮ ಅದು. ಅಮ್ಮ ಅದನ್ನೇ ಮೊದಲು ಕಿತ್ತರು. ಊರಿಂದ ತಂದಿದ್ದ ದುಂಡುಮಲ್ಲಿಗೆ, ಕರಿಬೇವು, ಬಸಳೆ ಉಳಿಸಿದ್ರು. "ಟೊಮೆಟೊ ಅಂಗಡೀಲಿ ಸಿಗುತ್ತೆ. ಈ ಮಲ್ಲಿಗೆ ನಿಮ್ಮಜ್ಜಿ ಹಿತ್ತಲದ್ದು, ಇದು ಹೋದ್ರೆ ಎಲ್ಲಿಂದ ತರ್ತೀಯ?" ಅಂದ್ರು. ಕಿತ್ತ ಗಿಡಗಳು ಕತ್ತರಿಸಿಕೊಂಡು ಗೊಬ್ಬರದ ಡಬ್ಬಿಗೆ ಹೋದವು, ಖಾಲಿ ಕುಂಡದ ಮಣ್ಣು ಬಿಸಿಲಿಗೆ ಹರಡಿಕೊಂಡಿತು.

ಮೇ ಮೊದಲ ವಾರ ಮಳೆ ಬಂತು. ಮಲ್ಲಿಗೆ ಆ ತಿಂಗಳೇ ಮೊಗ್ಗು ಬಿಟ್ಟಿತು. ಖಾಲಿ ಕುಂಡಗಳಿಗೆ ಬೆಂಡೆ, ದಂಟು ಹಾಕಿದ್ವಿ.

ನೀವೂ ಈ ಭಾನುವಾರ ನರ್ಸರಿಗೆ ಹೋಗೋ ಮೊದಲು ಒಂದು ದಿನ ಮನೆಯ ಬಳಸಿದ ನೀರನ್ನ ಬಕೆಟ್‌ಗೆ ಹಿಡಿದು ನೋಡಿ. ಎಷ್ಟು ಲೀಟರ್ ಬಂತೋ ಅಷ್ಟು ಕುಂಡ, ಅದಕ್ಕಿಂತ ಒಂದೂ ಜಾಸ್ತಿ ಬೇಡ. ಬೀಜದ ಪಟ್ಟಿ ಆಮೇಲೆ ಬರೆಯೋಣ.